ಪ್ಯಾನಿಂಗ್: ಒಂದು ಪದದ ಜಾಲಾಟ

(ಕೂಟದ ಸಾಹಿತ್ಯ ಸಂಜೆಯಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ಇಂದಿನ ವಿಷಯವನ್ನು ನಾವು ಆರಿಸಿಕೊಂಡದ್ದಲ್ಲ. ನಿಮ್ಮ ಮಕ್ಕಳು ಆರಿಸಿಕೊಟ್ಟದ್ದು. ಈ ರಾಜ್ಯದ ಶಾಲೆಗಳಲ್ಲಿ ನಾಲ್ಕನೆಯ ತರಗತಿಯ ಮಕ್ಕಳು ಕ್ಯಾಲಿಫೋರ್ನಿಯದ ಚರಿತ್ರೆಯನ್ನು ಓದುತ್ತಾರೆ. ಅದರಲ್ಲಿ ಚಿನ್ನದ ಧಾವಂತದ ಪಾಠ ಬರುತ್ತದೆ. ಪಾಠದೊಡನೆ ‘ಪ್ಯಾನಿಂಗ್’ ಎಂಬ ಪದವೂ ಬರುತ್ತದೆ. ಮಗು ಮನೆಗೆ ಬಂದು, ಇದಕ್ಕೆ ಕನ್ನಡದಲ್ಲಿ ಏನೆನ್ನುತ್ತಾರೆ ಎಂದು ಕೇಳಿದರೆ ಹೆಚ್ಚಿನ ಮನೆಗಳಲ್ಲಿ ಒಂದು ಕ್ಷಣದ ಮೌನ. ಮನೆಯಲ್ಲಿ ಕನ್ನಡವನ್ನೇ ಆಡಬೇಕೆಂದು ಮಗುವಿಗೆ ವಿಧಿಸುವ ನಾವು, ಅದು ಒಂದೇ ಒಂದು ಪದವನ್ನು ಕೇಳಿದಾಗ ‘ಅದಕ್ಕೆಲ್ಲ ಕನ್ನಡದಲ್ಲಿ ಪದ ಇಲ್ಲ ಮಗು’ ಎಂದು ಕೈಚೆಲ್ಲಿಬಿಡುತ್ತೇವೆ. ಆ ಒಂದು ಉತ್ತರದಿಂದ ಮಗು ಕಲಿಯುವ ಪಾಠ ಯಾವುದೆಂಬುದನ್ನು ವಿವರಿಸಬೇಕಾಗಿಲ್ಲ. ಪದ ಇದೆಯೇ ಇಲ್ಲವೇ ಎಂಬುದನ್ನು ಹುಡುಕುತ್ತ ಹೊರಟಾಗ ಆ ಪದದ ಸುತ್ತ ಸೇರಿಕೊಂಡಿರುವ ಅದರ ನೆಂಟರೂ, ನೆಂಟರಂತೆ ವೇಷ ಹಾಕಿಕೊಂಡ ಪರಕೀಯರೂ ಕಣ್ಣಿಗೆ ಬಿದ್ದರು. ಅವರೆಲ್ಲರನ್ನೂ ಇಂದು ನಿಮಗೆ ಪರಿಚಯಿಸುವ ಇಚ್ಛೆ ನಮ್ಮದು.

ಮೊದಲು ಚಿನ್ನದ ಮಾತು. 1848ನೆಯ ಇಸವಿ ಜನವರಿ 24ರಂದು ಜೇಮ್ಸ್ ಮಾರ್ಷಲ್ ಎಂಬ ಬಡಗಿ, ಕೊಲೋಮ ಎಂಬಲ್ಲಿ ಅಮೆರಿಕನ್ ನದಿಯ ದಕ್ಷಿಣ ಕವಲಿನ ದಡದಲ್ಲಿ ತಾನು ಕಟ್ಟಿಸುತ್ತಿದ್ದ ಮರ ಕೊಯ್ಯುವ ಕಾರ್ಖಾನೆಯ ಕಾಲುವೆಯಲ್ಲಿ ಹೊಳೆಯುವ ಕಣಗಳನ್ನು ಕಂಡನು. ಮುಂದಿನ ಏಳೆಂಟು ವರ್ಷಗಳಲ್ಲಿ ಸುಮಾರು 3 ಲಕ್ಷ ಜನ ಈ ನಾಡಿಗೆ ನುಗ್ಗಿದರು. ಇಲ್ಲಿನ ಮೂಲನಿವಾಸಿಗಳ ಪಾಲಿಗೆ ಅದು ಎಂತಹ ಸರ್ವನಾಶವಾಯಿತೆಂಬುದು ಇನ್ನೊಂದು ಉಪನ್ಯಾಸಕ್ಕೇ ಆಗುವಷ್ಟು ದೊಡ್ಡ ಕಥೆ. ಬಂದವರಲ್ಲಿ ಹಲವರ ಕೈಯಲ್ಲಿದ್ದ ಮುಖ್ಯ ಸಲಕರಣೆ ಒಂದು ತಗಡಿನ ಅಗಲವಾದ ಪಾತ್ರೆ. ಅಂಚು ಹೊರಕ್ಕೆ ಓರೆಯಾಗಿ ಎದ್ದ, ತಳ ಚಪ್ಪಟೆಯಾದ ಆ ಪಾತ್ರೆಯೇ ‘ಪ್ಯಾನ್’. ಅದನ್ನು ಹಿಡಿದು ಮಾಡುವ ಕೆಲಸ ‘ಪ್ಯಾನಿಂಗ್’.

ಕೆಲಸದ ಕ್ರಮ ಹೀಗೆ. ಹೊಳೆಯ ತಿರುವಿನಲ್ಲಿ, ಬಂಡೆಗಳ ಸಂದಿಯಲ್ಲಿ, ಅಂದರೆ ನೀರಿನ ಓಟ ನಿಧಾನವಾಗುವ ಕಡೆಗಳಲ್ಲಿ ಸೇರಿದ ಮರಳು ಜಲ್ಲಿಯನ್ನು ಪಾತ್ರೆಗೆ ತುಂಬಬೇಕು. ಪಾತ್ರೆಯನ್ನು ನೀರಿನಲ್ಲಿ ಮುಳುಗಿಸಿ, ಹೆಂಟೆಗಳನ್ನು ಕೈಯಿಂದ ಪುಡಿಮಾಡಿ, ದಪ್ಪ ಕಲ್ಲುಗಳನ್ನು ಆರಿಸಿ ಎಸೆಯಬೇಕು. ಆಮೇಲೆ ಪಾತ್ರೆಯನ್ನು ಎಡಕ್ಕೂ ಬಲಕ್ಕೂ ಚುರುಕಾಗಿ ಅಲುಗಿಸಬೇಕು. ಹೀಗೆ ಅಲುಗಿಸಿದಾಗ ಮರಳು ಸಡಿಲಗೊಂಡು ಭಾರವಾದ ಕಣ ಕೆಳಗಿಳಿಯುತ್ತದೆ, ಹಗುರವಾದದ್ದು ಮೇಲೇರುತ್ತದೆ. ಬಳಿಕ ಪಾತ್ರೆಯನ್ನು ತುಸು ಓರೆಮಾಡಿ, ನೀರನ್ನು ಸುತ್ತಿಸುತ್ತ, ಮೇಲಿನ ಮರಳನ್ನು ಸ್ವಲ್ಪ ಸ್ವಲ್ಪವಾಗಿ ಅಂಚಿನಿಂದ ಹೊರಕ್ಕೆ ಬಿಡಬೇಕು. ಅಲುಗಿಸುವುದು, ಓರೆ ಮಾಡುವುದು, ಹರಿಯಬಿಡುವುದು; ಮತ್ತೆ ಅಲುಗಿಸುವುದು. ಕೊನೆಗೆ ತಳದಲ್ಲಿ ಒಂದು ಚಿಟಿಕೆ ಕಪ್ಪು ಮರಳು ಉಳಿಯುತ್ತದೆ. ಅದೃಷ್ಟವಿದ್ದರೆ ಅದರ ನಡುವೆ ಹಳದಿಯ ಒಂದೆರಡು ಚುಕ್ಕೆ.

ಇದರ ಹಿಂದಿನ ವಿಜ್ಞಾನ ಸರಳವಾದದ್ದು. ಒಂದು ಗಾತ್ರದ ನೀರಿಗಿಂತ ಅದೇ ಗಾತ್ರದ ಬೆಣಚುಕಲ್ಲಿನ ಮರಳು ಸುಮಾರು 2.65 ಪಟ್ಟು ಭಾರ. ಕಪ್ಪು ಮರಳಿನಲ್ಲಿರುವ ಕಬ್ಬಿಣದ ಅದಿರು 5 ಪಟ್ಟಿಗೆ ತುಸು ಮೇಲು. ಚಿನ್ನವೋ 19.3 ಪಟ್ಟು! ಇಷ್ಟು ಅಂತರವಿರುವುದರಿಂದಲೇ ಬೇರಾವ ಯಂತ್ರದ ನೆರವೂ ಇಲ್ಲದೆ ಎರಡು ಕೈ, ಒಂದು ಪಾತ್ರೆ, ಒಂದಿಷ್ಟು ನೀರಿನಿಂದ ಚಿನ್ನವನ್ನು ಮಣ್ಣಿನಿಂದ ಬೇರ್ಪಡಿಸುವುದು ಸಾಧ್ಯವಾಯಿತು.

ಈಗ ಕನ್ನಡದ ಅಡುಗೆಮನೆಗೆ ಬರೋಣ. ಅಂಗಡಿಯ ಅಕ್ಕಿಯಲ್ಲಿ ಕಲ್ಲು ಇರುತ್ತಿದ್ದ ಕಾಲವನ್ನು ಇಲ್ಲಿ ಕುಳಿತ ಹಿರಿಯರು ಮರೆತಿರಲಾರರು. ಆಗ ಅಜ್ಜಿಯಂದಿರು ಅಕ್ಕಿಗೆ ನೀರು ಹಾಕಿ, ಪಾತ್ರೆಯನ್ನು ಓರೆಮಾಡಿ, ಒಂದು ಹದದಲ್ಲಿ ಅಲುಗಿಸುತ್ತ ನೀರಿನೊಡನೆ ಅಕ್ಕಿಯನ್ನು ಇನ್ನೊಂದು ಪಾತ್ರೆಗೆ ಇಳಿಸುತ್ತಿದ್ದರು. ಕೊನೆಯಲ್ಲಿ ತಳದಲ್ಲಿ ಕಲ್ಲು ಉಳಿಯುತ್ತಿತ್ತು. ಈ ಕೆಲಸಕ್ಕೆ ‘ಜಾಲಿಸುವುದು’ ಎಂದು ಹೆಸರು. ಕೆಲವು ಕಡೆ ‘ಗಾಳಿಸುವುದು’ ಎಂದೂ ಹೇಳುತ್ತಾರೆ. ತೆಲುಗರಲ್ಲಿಯೂ ‘ಜಾಲಿಂಚು’ ಎಂಬ ಮಾತಿದೆ. ಪಾತ್ರೆ ಅದೇ, ನೀರು ಅದೇ, ಕೈಯ ವರಸೆಯೂ ಅದೇ. ವ್ಯತ್ಯಾಸ ಒಂದೇ: ಅಡುಗೆಮನೆಯಲ್ಲಿ ಹರಿದುಹೋದದ್ದು ಬೇಕಾದದ್ದು, ತಳದಲ್ಲಿ ಉಳಿದದ್ದು ಕಸ, ಹೊಳೆಯಲ್ಲಿ ಹರಿದುಹೋದದ್ದು ಕಸ, ತಳದಲ್ಲಿ ಉಳಿದದ್ದು ಚಿನ್ನ. ಆದುದರಿಂದ ನಿಮ್ಮ ಮಗು ಇನ್ನೊಮ್ಮೆ ಕೇಳಿದರೆ, ‘ಮರಳನ್ನು ಜಾಲಿಸಿ ಚಿನ್ನ ತೆಗೆಯುವುದು’ ಎಂದು ಧೈರ್ಯವಾಗಿ ಹೇಳಬಹುದು.

ಇದು ಅಡುಗೆಮನೆಯ ಪದವನ್ನು ಎಳೆದು ತಂದು ಹೊಳೆಗೆ ಇಳಿಸಿದ ಜಾಣತನವೆಂದು ಯಾರಾದರೂ ಭಾವಿಸಿಯಾರು. ಹಾಗಲ್ಲ. ಕನ್ನಡ ನಾಡಿನಲ್ಲಿ ಇದೇ ಕಸುಬನ್ನು ಮಾಡುತ್ತಿದ್ದ ಜನರೇ ಇದ್ದರು. ಗದಗಿನ ಸಮೀಪದ ಕಪ್ಪತಗುಡ್ಡದ ಹಳ್ಳಗಳಲ್ಲಿ, ವಿಶೇಷವಾಗಿ ಸೊರಟೂರು ಮತ್ತು ದೋಣಿಯ ಹಳ್ಳಗಳಲ್ಲಿ, ಮಳೆಗಾಲ ಕಳೆದೊಡನೆ ಹೊಸ ಮರಳನ್ನು ತೊಳೆದು ಚಿನ್ನದ ಕಣಗಳನ್ನು ಸಂಗ್ರಹಿಸುತ್ತಿದ್ದವರಿಗೆ ಜಲಗಾರರು ಅಥವಾ ಜಾಲಗಾರರು ಎಂಬ ಹೆಸರಿತ್ತು. 19ನೆಯ ಶತಮಾನದ ಇಂಗ್ಲಿಷ್ ವರದಿಗಳಲ್ಲಿ ಈ ಹೆಸರು ಹಾಗೆಯೇ ದಾಖಲಾಗಿದೆ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಅವರು ಡಂಬಳದ ಗುಡ್ಡಗಳ ಚಿನ್ನದ ಶಿಲೆಗಳನ್ನು ಕುರಿತು 1874ರಲ್ಲಿ ಪ್ರಕಟಿಸಿದ ಲೇಖನವೊಂದಿದೆ. ಕೋಲಾರದ ಕಥೆಯೂ ಇದಕ್ಕೆ ದೂರವಲ್ಲ. 1802ರಲ್ಲಿ ಮೈಸೂರಿನ ಗಡಿಯ ಸರ್ವೆಗೆ ಬಂದಿದ್ದ ಲೆಫ್ಟಿನೆಂಟ್ ಜಾನ್ ವಾರನ್ ಚಿನ್ನದ ಸುದ್ದಿ ಕೇಳಿ ಬಹುಮಾನ ಸಾರಿದಾಗ, ಹಳ್ಳಿಗರು ಗಾಡಿಯಲ್ಲಿ ಮಣ್ಣು ತಂದು ಅವನ ಎದುರಿಗೇ ತೊಳೆದು ಚಿನ್ನದ ಪುಡಿಯನ್ನು ತೋರಿಸಿದರೆಂದು ಹೇಳಲಾಗುತ್ತದೆ. ಅದಾಗಿ 46 ವರ್ಷಗಳ ಮೇಲೆ ಕೊಲೋಮದಲ್ಲಿ ಚಿನ್ನ ಸಿಕ್ಕಿತು. ಕೋಲಾರದ ಆಳವಾದ ಗಣಿಗಳು 2001ರ ಫೆಬ್ರವರಿಯಲ್ಲಿ ಮುಚ್ಚಿದವು. ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಗಣಿಗಾರಿಕೆ ಇಂದಿಗೂ ನಡೆದಿದೆ. ಆದರೆ ಹಳ್ಳದ ಜಲಗಾರನ ಕೈಯ ವಿದ್ಯೆಯನ್ನು ಆ ನೆಲದ ಮಕ್ಕಳೂ ಈಗ ಕ್ಯಾಲಿಫೋರ್ನಿಯದ ಚಿತ್ರಗಳಲ್ಲೇ ನೋಡಬೇಕಾಗಿದೆ.

‘ಜಲಗಾರ’ ಎಂಬ ಪದಕ್ಕೆ ಒದಗಿದ ಗತಿಯನ್ನು ಇಲ್ಲಿ ಹೇಳದೆ ಮುಂದೆ ಹೋಗಲಾಗದು. ಈ ಪದವನ್ನು ಕೇಳಿದೊಡನೆ ನಮ್ಮಲ್ಲಿ ಹಲವರಿಗೆ ನೆನಪಾಗುವುದು ಕುವೆಂಪು ಅವರ ನಾಟಕ. ಅಲ್ಲಿ ಜಲಗಾರನೆಂದರೆ ಬೀದಿ ಗುಡಿಸುವವನು. ಊರ ಜನರೆಲ್ಲ ಶಿವನನ್ನು ಹುಡುಕಿ ಗುಡಿಗೆ ಹೋದರೆ ಶಿವನು ಈ ಗುಡಿಸುವವನನ್ನು ಹುಡುಕಿಕೊಂಡು, ತಾನೂ ಅವನಂಥವನೇ ಆಗಿ ಬರುತ್ತಾನೆ. ಚಿನ್ನ ತೊಳೆಯುವವನ ಹೆಸರು ಕಸ ಗುಡಿಸುವವನಿಗೆ ಹೇಗೆ ಬಂದಿತು? ಅಕ್ಕಸಾಲೆಯ ಅಂಗಡಿಯ ಕಸದಲ್ಲಿ ಚಿನ್ನದ ಸಣ್ಣ ಕಣಗಳು ಇರುತ್ತವೆ. ಆ ಕಸವನ್ನೂ, ಅಂಗಡಿಯ ಮುಂದಿನ ಮೋರಿಯ ಕೆಸರನ್ನೂ ಗುಡಿಸಿ ತೊಳೆದು ಚಿನ್ನ ತೆಗೆದು ಬದುಕುವ ಕಸುಬು ಭಾರತದ ಅನೇಕ ಪಟ್ಟಣಗಳಲ್ಲಿದೆ. ಹೊಳೆಯ ಮರಳಿನಿಂದ ಅಕ್ಕಸಾಲೆಯ ಕಸಕ್ಕೆ, ಅಲ್ಲಿಂದ ಬೀದಿಯ ಕಸಕ್ಕೆ ಪದ ಜಾರಿರಬೇಕೆಂದು ನಮಗೆ ತೋರುತ್ತದೆ. ಕೊನೆಗೆ ಚಿನ್ನ ಮರೆತುಹೋಗಿ ಕಸವೊಂದೇ ಉಳಿಯಿತು; ಪದದೊಡನೆ ಅದನ್ನು ಹೊತ್ತ ಮನುಷ್ಯನೂ ಕೀಳೆನಿಸಿದನು. ಕ್ಯಾಲಿಫೋರ್ನಿಯದಲ್ಲಿ ಅದೇ ಕೆಲಸ ಮಾಡಿದವನ ಚಿತ್ರ ಪಠ್ಯಪುಸ್ತಕದ ಹೊದಿಕೆಯ ಮೇಲೆ ಬಂದಿತು.

ಈ ಕ್ರಿಯಾಪದದ ಇನ್ನೊಂದು ಮಗ್ಗುಲನ್ನು ನೋಡಿದಾಗ ನಮಗೆ ನಿಜವಾಗಿಯೂ ಬೆರಗಾಯಿತು. ಇಂಗ್ಲಿಷ್ ಪತ್ರಿಕೆಯೊಂದು, ವಿಮರ್ಶಕರು ಒಂದು ಚಲನಚಿತ್ರವನ್ನು ‘ಪ್ಯಾನ್’ ಮಾಡಿದರು ಎಂದು ಬರೆದರೆ, ಅದನ್ನು ನಿರ್ದಾಕ್ಷಿಣ್ಯವಾಗಿ ಖಂಡಿಸಿದರು ಎಂದರ್ಥ. 20ನೆಯ ಶತಮಾನದ ಆರಂಭದಲ್ಲಿ ಅಮೆರಿಕದ ಆಡುಮಾತಿನಲ್ಲಿ ಕಾಣಿಸಿಕೊಂಡ ಪ್ರಯೋಗವಿದು. ಇದು ಹುಟ್ಟಿದ್ದು ಚಿನ್ನ ತೊಳೆಯುವ ಪಾತ್ರೆಯಿಂದಲೋ, ಒಲೆಯ ಮೇಲಿನ ಬಾಣಲೆಯಿಂದಲೋ ಎಂಬ ಬಗ್ಗೆ ಒಮ್ಮತವಿಲ್ಲ. ಕನ್ನಡದಲ್ಲಿ? ‘ಜಾಲಾಡು’ ಎಂಬ ಪದವನ್ನು ನೋಡಿ. ಬಟ್ಟೆಯನ್ನು ನೀರಿನಲ್ಲಿ ಅಲ್ಲಾಡಿಸಿ ತೊಳೆಯುವುದು ಜಾಲಾಡುವುದು. ಕಳೆದುಹೋದ ಉಂಗುರಕ್ಕಾಗಿ ಮನೆಯನ್ನೆಲ್ಲ ಜಾಲಾಡಿದೆವು ಎನ್ನುತ್ತೇವೆ. ಸಭೆಗೆ ಸಿದ್ಧತೆಯಿಲ್ಲದೆ ಬಂದ ಅಧಿಕಾರಿಯನ್ನು ಶಾಸಕರು ‘ಜಾಲಾಡಿದರು’ ಎಂದು ನಮ್ಮ ದಿನಪತ್ರಿಕೆಗಳು ಬರೆಯುತ್ತವೆ. ತೊಳೆ, ಶೋಧಿಸು, ತರಾಟೆಗೆ ತೆಗೆದುಕೊ, ಈ ಮೂರೂ ಒಂದೇ ಕ್ರಿಯಾಪದದಲ್ಲಿ! ಎರಡು ಭಾಷೆಗಳೂ ಒಂದನ್ನೊಂದು ನೋಡದೆ, ನೀರು ತುಂಬಿದ ಪಾತ್ರೆಯಿಂದ ಹೊರಟು ಬೈಗುಳದ ತನಕ ನಡೆದು ಬಂದಿವೆ. ಇತ್ತೀಚೆಗೆ ಅಂತರ್ಜಾಲದಲ್ಲಿ ಹುಡುಕುವುದಕ್ಕೂ ‘ಜಾಲಾಡು’ ಎಂಬ ಮಾತು ಬಳಕೆಗೆ ಬಂದಿದೆ. ಅಲ್ಲಿ ಬಲೆ ಎಂಬ ಅರ್ಥದ ಸಂಸ್ಕೃತದ ‘ಜಾಲ’ವೂ ಬಂದು ಕೂಡಿಕೊಂಡು ಪದ ಇನ್ನಷ್ಟು ರಂಗೇರಿದೆ.

ಹೊಳೆಯ ದಡದಿಂದಲೇ ಎದ್ದು ಬಂದ ಇನ್ನೊಂದು ನುಡಿಗಟ್ಟು ‘ಪ್ಯಾನ್ ಔಟ್’. ತೊಳೆದಾಗ ಚಿನ್ನ ಸಿಕ್ಕರೆ ಅದು ‘ಪ್ಯಾನ್ ಔಟ್’ ಆಯಿತು. ಈಗ ಉದ್ಯೋಗ, ವ್ಯಾಪಾರ, ಮದುವೆಯ ಮಾತುಕತೆ, ಯಾವುದೇ ಆಗಲಿ ಕೈಗೂಡಿದರೆ ಇದೇ ಮಾತು. ನಾವು ‘ಗಿಟ್ಟಿತು’ ಎನ್ನುವುದಿಲ್ಲವೆ? ಆದರೆ ‘ಫ್ಲ್ಯಾಶ್ ಇನ್ ದ ಪ್ಯಾನ್’ ಎಂಬುದನ್ನು ಚಿನ್ನದ ಮಿಂಚೆಂದು ಬಗೆಯುವವರು ಎಚ್ಚರ ವಹಿಸಬೇಕು. ಅದು ಚಿನ್ನದ ಧಾವಂತಕ್ಕಿಂತ ಒಂದೂವರೆ ಶತಮಾನಕ್ಕೂ ಹಳೆಯದು. ಹಿಂದಿನ ಕಾಲದ ಕೋವಿಗಳಲ್ಲಿ ನಳಿಗೆಯ ಪಕ್ಕದಲ್ಲಿ ಒಂದು ಚಿಕ್ಕ ಬಟ್ಟಲು. ಅದರಲ್ಲಿ ಕಿಡಿ ಹತ್ತಿಸುವ ಮದ್ದು. ಕೆಲವೊಮ್ಮೆ ಬಟ್ಟಲಿನ ಮದ್ದು ಭಗ್ಗನೆ ಉರಿದರೂ ಒಳಗಿನ ಮದ್ದಿಗೆ ಬೆಂಕಿ ಮುಟ್ಟದೆ ಗುಂಡು ಹಾರುತ್ತಿರಲಿಲ್ಲ. ಬೆಳಕು ಬಂತು, ಬೇಟೆ ಬೀಳಲಿಲ್ಲ. ಆ ಬಟ್ಟಲೇ ಇಲ್ಲಿನ ‘ಪ್ಯಾನ್’. ಬೀದಿಯಲ್ಲಿ ಕೈನೀಡಿ ಬೇಡುವುದಕ್ಕೆ ಅಮೆರಿಕದಲ್ಲಿ ‘ಪ್ಯಾನ್‌ಹ್ಯಾಂಡ್ಲಿಂಗ್’ ಎನ್ನುತ್ತಾರೆ. ಚಾಚಿದ ತೋಳು ಪಾತ್ರೆಯ ಹಿಡಿಯಂತೆ ಕಾಣುವುದರಿಂದ ಆ ಹೆಸರೆಂದು ಹಲವರ ಅಭಿಪ್ರಾಯ. ಟೆಕ್ಸಾಸ್, ಒಕ್ಲಹಾಮ, ಫ್ಲಾರಿಡ ರಾಜ್ಯಗಳ ನಕ್ಷೆಯಲ್ಲಿ ಹೊರಚಾಚಿದ ಭಾಗಗಳಿಗೂ ಅದೇ ಹಿಡಿಯ ಹೆಸರು.

ಪಾತ್ರೆಯ ‘ಪ್ಯಾನ್’ ಬಿಡುವ ಮುನ್ನ ಸಿಹಿ ಮಾತೊಂದು. ಮಿಠಾಯಿ ತಯಾರಿಕೆಯಲ್ಲಿಯೂ ‘ಪ್ಯಾನಿಂಗ್’ ಎಂಬ ವಿಧಾನವಿದೆ. ತಿರುಗುವ ಪಾತ್ರೆಯಲ್ಲಿ ಬೀಜವನ್ನೋ ಜೆಲ್ಲಿಯ ತಿರುಳನ್ನೋ ಹಾಕಿ, ಸಕ್ಕರೆಯ ಪಾಕವನ್ನು ಸ್ವಲ್ಪ ಸ್ವಲ್ಪವೇ ಎರೆದು, ಪದರದ ಮೇಲೆ ಪದರ ಕೂಡಿಸುವುದು. ನಿಮ್ಮ ಮಕ್ಕಳು ಮೆಲ್ಲುವ ಜೆಲ್ಲಿ ಬೀನುಗಳ ಹೊಳೆಯುವ ಮೈ ಬರುವುದು ಹೀಗೆ. ಉತ್ತರ ಕರ್ನಾಟಕದ ತಾಯಂದಿರೆ, ನಿಮಗೆ ಇದು ಹೊಸತೆ? ಸಂಕ್ರಾಂತಿಯ ಕುಸುರೆಳ್ಳು ಇನ್ನೇನು? ಸಣ್ಣ ಉರಿಯ ಮೇಲೆ ಅಗಲವಾದ ತಟ್ಟೆಯಲ್ಲಿ ಎಳ್ಳನ್ನು ಹರಡಿ, ಚಮಚದಿಂದ ಪಾಕ ತೊಟ್ಟಿಕ್ಕಿಸುತ್ತ, ಬೆರಳ ತುದಿಯಿಂದ ಗಂಟೆಗಟ್ಟಲೆ ಆಡಿಸುತ್ತ, ಕಾಳಿನ ಮೈಮೇಲೆ ಸಕ್ಕರೆಯ ಮುಳ್ಳು ಏಳುವ ತನಕ ಕುಳಿತಿರುವ ತಾಳ್ಮೆ ಯಾವ ಯಂತ್ರಕ್ಕೆ ಬಂದೀತು!

ಇಲ್ಲಿಂದ ಮುಂದೆ ಬರುವ ‘ಪ್ಯಾನ್’ ಪಾತ್ರೆಯ ವಂಶಕ್ಕೆ ಸೇರಿದ್ದಲ್ಲ. ರೂಪ ಒಂದೇ, ಕುಲ ಬೇರೆ. ಗ್ರೀಕ್ ಭಾಷೆಯಲ್ಲಿ ‘ಪ್ಯಾನ್’ ಎಂದರೆ ‘ಸಮಸ್ತ’. 18ನೆಯ ಶತಮಾನದ ಕೊನೆಯಲ್ಲಿ ಐರ್ಲೆಂಡ್ ಮೂಲದ ಚಿತ್ರಕಾರ ರಾಬರ್ಟ್ ಬಾರ್ಕರ್ ಎಡಿನ್‌ಬರೊ ನಗರವನ್ನು ಬೆಟ್ಟದ ಮೇಲೆ ನಿಂತು ಸುತ್ತಲೂ ನೋಡಿದಂತೆ ವರ್ತುಲಾಕಾರದಲ್ಲಿ ಚಿತ್ರಿಸಿದನು. 1787ರಲ್ಲಿ ಆ ವಿಧಾನಕ್ಕೆ ಹಕ್ಕುಪತ್ರವನ್ನೂ ಪಡೆದನು. ಅಂಥ ಚಿತ್ರಕ್ಕೆ ಸಮಸ್ತ ನೋಟ ಎಂಬ ಅರ್ಥದಲ್ಲಿ ‘ಪನೋರಮಾ’ ಎಂಬ ಹೆಸರು ನಿಂತಿತು. ಚಲನಚಿತ್ರ ಬಂದಾಗ, ನಿಂತಲ್ಲೇ ಕ್ಯಾಮರಾದ ಕತ್ತನ್ನು ಎಡದಿಂದ ಬಲಕ್ಕೋ ಬಲದಿಂದ ಎಡಕ್ಕೋ ತಿರುಗಿಸಿ ಸುತ್ತಲ ನೋಟವನ್ನು ಹಿಡಿಯುವ ಕ್ರಿಯೆಗೆ ಆ ಪದದ ತಲೆಯನ್ನಷ್ಟೇ ಉಳಿಸಿಕೊಂಡು ‘ಪ್ಯಾನಿಂಗ್’ ಎಂದರು. ಮೇಲೆ ಕೆಳಗೆ ತಿರುಗಿಸಿದರೆ ಅದು ‘ಟಿಲ್ಟ್’. ಮಕ್ಕಳ ನೃತ್ಯವನ್ನು ಚಿತ್ರೀಕರಿಸುವ ನಮ್ಮ ಕೂಟದ ಉತ್ಸಾಹಿಗಳು ಈ ಭೇದವನ್ನು ಗಮನಿಸುವುದು ಒಳ್ಳೆಯದು. ಅವರ ಪ್ಯಾನಿಂಗಿನ ವೇಗಕ್ಕೆ ನೋಡುವವರಿಗೆ ತಲೆಸುತ್ತು ಬಂದದ್ದುಂಟು. ಸ್ಥಿರಚಿತ್ರಕಾರರಲ್ಲಿ ಇದೇ ಪದಕ್ಕೆ ಇನ್ನೊಂದು ಸೂಕ್ಷ್ಮಾರ್ಥವಿದೆ. ಓಡುವ ಕುದುರೆಯ ವೇಗಕ್ಕೆ ಸರಿಯಾಗಿ ಕ್ಯಾಮರಾವನ್ನೂ ತಿರುಗಿಸುತ್ತ, ಬೆಳಕಿನ ಕಿಂಡಿಯನ್ನು ತುಸು ಹೆಚ್ಚು ಹೊತ್ತು ತೆರೆದಿಟ್ಟರೆ ಕುದುರೆ ಸ್ಫುಟವಾಗಿ ಮೂಡಿ ಹಿನ್ನೆಲೆ ಗೆರೆಗೆರೆಯಾಗಿ ಕದಡುತ್ತದೆ. ಕಂಬಳದ ಕೋಣಗಳ ಚಿತ್ರಗಳಲ್ಲಿ ಇದನ್ನು ನೀವು ನೋಡಿರಬಹುದು. ಶಬ್ದಕ್ಕೂ ಪ್ಯಾನಿಂಗ್ ಉಂಟು: ತಬಲೆ ಎಡಗಿವಿಗೆ, ಕೊಳಲು ಬಲಗಿವಿಗೆ ಕೇಳುವಂತೆ ಧ್ವನಿಯನ್ನು ಹಂಚುವುದು. 1940ರಲ್ಲಿ ಬಂದ ಡಿಸ್ನಿಯವರ ‘ಫ್ಯಾಂಟೇಸಿಯ’ ಚಿತ್ರಕ್ಕಾಗಿ ಅವರ ತಂತ್ರಜ್ಞರು ಇಂತಹ ಸಾಧನವನ್ನು ರೂಪಿಸಿ ಬಳಸಿದ್ದರು.

‘ಪ್ಯಾನ್ ಇಂಡಿಯಾ ಚಿತ್ರ’ ಎಂಬ ಈಚಿನ ಮಾತಿನಲ್ಲಿರುವುದೂ ಈ ಗ್ರೀಕ್ ಪದವೇ. ಕನ್ನಡದಲ್ಲಿ ಆ ಮಾತು ಮನೆಮಾತಾದುದು ಮುಖ್ಯವಾಗಿ 2018ರಲ್ಲಿ ತೆರೆಕಂಡ ‘ಕೆ.ಜಿ.ಎಫ್.’ ಚಿತ್ರದ ತರುವಾಯ. ಕೋಲಾರದ ಚಿನ್ನದ ಕಥೆಗೆ ‘ಪ್ಯಾನ್’ ಎಂಬ ಬಿರುದು ಬಂದದ್ದು ಕಾಕತಾಳೀಯವಾದರೂ ಪದಪ್ರಿಯರಿಗೆ ಹಬ್ಬವೇ ಸರಿ. ಒಂದು ವಾಕ್ಯವನ್ನು ಕಟ್ಟಿ ನೋಡೋಣ: ‘ಕ್ಯಾಮರಾ ಸರಿಯಾಗಿ ಪ್ಯಾನ್ ಆಗದ ಆ ಪ್ಯಾನ್ ಇಂಡಿಯಾ ಚಿತ್ರವನ್ನು ವಿಮರ್ಶಕರು ಪ್ಯಾನ್ ಮಾಡಿದ್ದರಿಂದ ನಿರ್ಮಾಪಕರ ಲೆಕ್ಕಾಚಾರ ಪ್ಯಾನ್ ಔಟ್ ಆಗಲಿಲ್ಲ.’ ನಾಲ್ಕು ‘ಪ್ಯಾನ್’. ಎರಡು ಗ್ರೀಕ್ ಮನೆತನದವು, ‘ಪ್ಯಾನ್ ಔಟ್’ ಪಾತ್ರೆಯದು, ಖಂಡನೆಯ ‘ಪ್ಯಾನ್’ ಕೂಡ ಪಾತ್ರೆಯ ಕಡೆಯದೇ ಎಂಬುದು ಬಲವಾದ ಊಹೆ. ನಿರ್ಮಾಪಕರು ಆದಾಯ ತೆರಿಗೆಯ ಕಚೇರಿಗೆ ಹೋದರೆ ಅಲ್ಲಿ ಐದನೆಯ ‘ಪ್ಯಾನ್’ ಎದುರಾಗುತ್ತದೆ. ಆದರೆ ಹತ್ತು ಅಕ್ಷರ ಅಂಕಿಗಳ ಆ ಸಂಖ್ಯೆಗೆ ಯಾವ ವಂಶವೂ ಇಲ್ಲ. ಅದು ಮೂರು ಇಂಗ್ಲಿಷ್ ಪದಗಳ ಮೊದಲಕ್ಷರಗಳ ಕೂಟ, ಅಷ್ಟೆ.

ಗ್ರೀಕರಲ್ಲಿ ‘ಪ್ಯಾನ್’ ಎಂಬ ದೇವತೆಯೂ ಇದ್ದಾನೆ: ಆಡಿನ ಕಾಲು, ಕೊಂಬು, ಕೈಯಲ್ಲಿ ಕೊಳಲು, ದನಗಾಹಿಗಳ ಒಡೆಯ. ನಿರ್ಜನ ಕಾಡಿನಲ್ಲಿ ಕಾರಣವಿಲ್ಲದೆ ಹುಟ್ಟುವ ದಿಗಿಲು ಅವನಿಂದಲೇ ಎಂಬ ನಂಬಿಕೆಯಿಂದ ‘ಪ್ಯಾನಿಕ್’ ಎಂಬ ಪದ ಬಂದಿತು. ಸಮಸ್ತ ಎಂಬ ಪದಕ್ಕೂ ಈ ದೇವತೆಯ ಹೆಸರಿಗೂ ನಂಟು ಕಲ್ಪಿಸಿ ಪ್ರಾಚೀನ ಗ್ರೀಕರೇ ಶ್ಲೇಷೆ ಮಾಡಿದ್ದರು. ಭಾಷಾವಿಜ್ಞಾನಿಗಳು ಅದನ್ನು ಒಪ್ಪುವುದಿಲ್ಲ. ಅವರಲ್ಲಿ ಕೆಲವರು ಈ ದೇವತೆಯನ್ನು ನಮ್ಮ ಋಗ್ವೇದದ ಪೂಷನ್‌ನೊಂದಿಗೆ ಜೋಡಿಸಿದ್ದಾರೆ. ಪೂಷನ್ ಕೂಡ ದನಕರುಗಳನ್ನು ಕಾಯುವವನು, ದಾರಿ ತೋರಿಸುವವನು; ಅವನ ರಥವನ್ನು ಎಳೆಯುವುದು ಆಡುಗಳೇ.

ಇನ್ನು ಲ್ಯಾಟಿನ್ನಿನಲ್ಲಿ ರೊಟ್ಟಿಗೆ ‘ಪಾನಿಸ್’ ಎಂದು ಹೆಸರು. ರೊಟ್ಟಿ ಇಡುವ ಕೋಣೆ ‘ಪ್ಯಾಂಟ್ರಿ’. ಒಂದೇ ರೊಟ್ಟಿಯನ್ನು ಹಂಚಿಕೊಂಡು ಉಣ್ಣುವವನು ‘ಕಂಪ್ಯಾನಿಯನ್’. ನಮ್ಮ ‘ಕಂಪನಿ’ಯೂ ಅಲ್ಲಿಂದಲೇ. ಈಸ್ಟ್ ಇಂಡಿಯಾ ಕಂಪನಿಯವರು ಯಾರ ರೊಟ್ಟಿಯನ್ನು ಹಂಚಿಕೊಂಡರೆಂದು ಕೇಳುವುದು ಬೇಡ.

ಇಷ್ಟರವರೆಗೆ ಒಂದೇ ಉಚ್ಚಾರಣೆಯ ಪದಗಳು. ಈಗ ಹತ್ತಿರದ ಉಚ್ಚಾರಣೆಯವು. ನಮ್ಮವರು ನಿಜವಾಗಿ ತೊಡಕಿಗೆ ಸಿಕ್ಕುವುದು ಇಲ್ಲಿಯೇ: ದೂರವಾಣಿಯಲ್ಲಿ, ಕಚೇರಿಯ ಸಭೆಯಲ್ಲಿ, ಆಸ್ಪತ್ರೆಯ ಕಿಟಕಿಯ ಮುಂದೆ.

‘ಪ್ಯಾನ್’, ‘ಪೆನ್’, ‘ಪನ್’, ‘ಪಿನ್’ ಈ ನಾಲ್ಕಕ್ಕೂ ನಡುವಿನ ಸ್ವರವೊಂದೇ ಭೇದ. ಕೊನೆಯ ಮೂರು ಸ್ವರಗಳು ನಮಗೆ ಹತ್ತಿರದವು. ಮೊದಲನೆಯದನ್ನು ಬರೆಯಲು ಕನ್ನಡ ಲಿಪಿಯಲ್ಲಿ ಪ್ರತ್ಯೇಕ ಅಕ್ಷರವಿಲ್ಲ. ‘ಯಾ’ ಒತ್ತಿನ ಮರೆಯಲ್ಲಿ ಅದನ್ನು ಅಡಗಿಸಿದ್ದೇವೆ. ಆದ್ದರಿಂದ ಈ ಧ್ವನಿಯೇ ಕನ್ನಡದಲ್ಲಿಲ್ಲ ಎಂದು ಹೇಳುವವರುಂಟು. ಅದು ಪುಸ್ತಕದ ಕನ್ನಡಕ್ಕೆ ಮಾತ್ರ ಸಲ್ಲುವ ಮಾತು. ಬಯಲುಸೀಮೆಯ ರೈತನು ‘ಬ್ಯಾಡ’, ‘ಮ್ಯಾಲೆ’, ‘ಪ್ಯಾಟೆ’ ಎನ್ನುವಾಗ ಅವನ ಬಾಯಲ್ಲಿ ಬರುವುದು ಬಹುಮಟ್ಟಿಗೆ ಇದೇ ಸ್ವರ, ತುಸು ದೀರ್ಘವಾಗಿ. ಶಾಲೆಯಲ್ಲಿ ‘ಪ್ಯಾಟೆ’ ಎಂದ ಹುಡುಗನನ್ನು ಬೆಂಚಿನ ಮೇಲೆ ನಿಲ್ಲಿಸಿ ‘ಪೇಟೆ’ ಎನ್ನಿಸಿದೆವು. ಮುಂದೆ ಅದೇ ಹುಡುಗ ಇಂಜಿನಿಯರನಾಗಿ ಇಲ್ಲಿಗೆ ಬಂದಾಗ, ‘ಪ್ಯಾನ್’ ಎನ್ನುವುದನ್ನು ‘ಪೆನ್’ ಎನ್ನುತ್ತಾನೆಂದು ಉಚ್ಚಾರಣೆಯ ತರಬೇತಿಗೆ ಹಣ ತೆತ್ತು ಕಳುಹಿಸಿದರು! ಊರಿನಿಂದ ಬಂದ ಅಜ್ಜನ ‘ಬ್ಯಾಡ’ ಕೇಳಿ ಮೊಮ್ಮಕ್ಕಳು ನಕ್ಕರೆ, ಆ ಅಜ್ಜನ ಬಾಯಲ್ಲಿರುವ ಸ್ವರ ನಿಮ್ಮ ‘ಕ್ಯಾಟ್’, ‘ಬ್ಯಾಟ್’ಗಳ ಸ್ವರವೇ ಎಂದು ಅವರಿಗೆ ತಿಳಿಸಿ.

ವ್ಯಂಜನದ ತೊಡಕು ಬೇರೆ. ಇಂಗ್ಲಿಷರು ಪದದ ಮೊದಲಿನ ‘ಪ’ಕಾರವನ್ನು ಉಸಿರು ಸೇರಿಸಿ ನುಡಿಯುತ್ತಾರೆ, ನಮ್ಮ ‘ಪ’ಕಾರಕ್ಕೆ ಆ ಉಸಿರಿಲ್ಲ. ಉಸಿರಿಲ್ಲದ ‘ಪ’ ಅವರ ಕಿವಿಗೆ ‘ಬ’ ಎಂದು ಕೇಳುವ ಸಂಭವ ಹೆಚ್ಚು. ನಾವು ‘ಪ್ಯಾನಿಂಗ್’ ಎಂದರೆ ಅವರಿಗೆ ನಿಷೇಧಿಸುವ ‘ಬ್ಯಾನಿಂಗ್’ ಕೇಳಿಸುತ್ತದೆ. ಪದ್ಮ, ಪ್ರಭಾಕರ, ಪುಟ್ಟಸ್ವಾಮಿ ಎಂಬ ಹೆಸರಿನವರು ದೂರವಾಣಿಯಲ್ಲಿ ‘ಪೀಟರಿನ ಪಿ’ ಎಂದು ಪ್ರತಿದಿನ ಜಪಿಸಬೇಕಾಗಿ ಬಂದದ್ದು ಇದರಿಂದಲೇ. ಇದರಲ್ಲಿ ನಾಚುವಂಥದೇನೂ ಇಲ್ಲ. ನಮ್ಮ ‘ಪ’ ಮತ್ತು ‘ಫ’ಗಳ ಭೇದ ಕೇಳಿಸದೆ ಅವರ ಕಿವಿಯೂ ಅಷ್ಟೇ ತಬ್ಬಿಬ್ಬಾಗುತ್ತದೆ.

ದ್ವಿತ್ವದ ವಿಷಯವೂ ಹೀಗೆಯೇ. ಕನ್ನಡದಲ್ಲಿ ಒತ್ತಕ್ಷರ ಬಿಟ್ಟರೆ ಅರ್ಥವೇ ಕೆಡುತ್ತದೆ. ‘ಕತೆ’ಗೂ ‘ಕತ್ತೆ’ಗೂ ಇರುವ ದೂರ ಎಲ್ಲರಿಗೂ ಗೊತ್ತು. ಇಂಗ್ಲಿಷಿನ ಇಂತಹ ಪದಗಳಲ್ಲಿ ಜೋಡಿ ಅಕ್ಷರ ಬರೆಯುವುದು ಒತ್ತಿ ನುಡಿಯಲಿಕ್ಕಲ್ಲ, ಹಿಂದಿನ ಸ್ವರವನ್ನು ಮೊಟಕಾಗಿ ಇರಿಸಲಿಕ್ಕೆ. ಎರಡು ‘ನ’ಕಾರ ಬರೆದರೆ ಸೂಜಿ ಚುಚ್ಚುವ ‘ಪಿನಿಂಗ್’. ಒಂದನ್ನು ಬಿಟ್ಟರೆ ಅದು ‘ಪೈನಿಂಗ್’ ಆಗಿ ವಿರಹದಲ್ಲಿ ಕೊರಗುತ್ತದೆ. ಹೀಗಿದ್ದರೂ ನಾವು ‘ಪ್ಯಾನ್ನಿಂಗ್’ ಎಂದು ಭದ್ರವಾಗಿ ಒತ್ತುತ್ತೇವೆ. ಆ ‘ಪೈನ್’ ಎಂಬ ಕೊರಗಿಗೂ ನೋವಿನ ‘ಪೇನ್’ಗೂ ಮೂಲ ಒಂದೇ, ದಂಡನೆ ಎಂಬರ್ಥದ ಲ್ಯಾಟಿನ್ ಪದ. ನಿಮ್ಮ ಹಿತ್ತಲಿನ ಪೈನ್ ಮರ ಮಾತ್ರ ಆ ದುಃಖಕ್ಕೆ ಸಂಬಂಧಿಸಿದ್ದಲ್ಲ.

‘ಪೆನಿಂಗ್’ ಎಂಬುದರಲ್ಲಿಯೂ ಎರಡು ಪದಗಳು ಒಂದೇ ಅಂಗಿ ತೊಟ್ಟಿವೆ. ಬರೆಯುವ ‘ಪೆನ್’ ಲ್ಯಾಟಿನ್ನಿನ ಗರಿ; ಗರಿಯ ತುದಿಯನ್ನು ಹೆರೆದು ಬರೆಯುತ್ತಿದ್ದ ಕಾಲದ ನೆನಪು. ಇನ್ನೊಂದು ‘ಪೆನ್’ ಹಳೆಯ ಇಂಗ್ಲಿಷಿನದು, ದನ ಕುರಿಗಳನ್ನು ಕೂಡುವ ದೊಡ್ಡಿ. ನಮ್ಮ ಬಯಲುಸೀಮೆಯಲ್ಲಿ ಕುರುಬರು ರಾತ್ರಿ ಹೊಲದಲ್ಲಿ ಕುರಿಮಂದೆಯನ್ನು ತರುಬುತ್ತಾರೆ; ಹಿಕ್ಕೆ ಗಂಜಲದಿಂದ ಭೂಮಿ ಹದಗೊಳ್ಳುತ್ತದೆ, ರೈತ ಅವರಿಗೆ ಕಾಳು ಕೊಡುತ್ತಾನೆ. ಕೃಷಿಶಾಸ್ತ್ರದ ಪುಸ್ತಕಗಳು ಇದನ್ನು ಕುರಿಗಳ ‘ಪೆನಿಂಗ್’ ಎಂದೇ ಕರೆಯುತ್ತವೆ. ಕುರಿ ತರುಬಿದರೂ ಕವಿತೆ ಬರೆದರೂ ಇಂಗ್ಲಿಷಿನಲ್ಲಿ ಒಂದೇ ಪದ. ಎರಡರಿಂದಲೂ ನೆಲ ಹಸನಾಗುವುದುಂಟು, ಆದರೆ ಮೊದಲನೆಯದರ ಫಲ ಹೆಚ್ಚು ಖಚಿತ.

‘ಪನಿಂಗ್’ ಎಂದರೆ ಶ್ಲೇಷೆ. ಇಂಗ್ಲಿಷಿನಲ್ಲಿ 17ನೆಯ ಶತಮಾನದಿಂದ ಕಾಣುವ ಈ ಪದದ ಹುಟ್ಟಿನ ಬಗ್ಗೆ ಪಂಡಿತರಲ್ಲ, ‘ಪನ್‌ಡಿತ’ರಲ್ಲಿಯೂ ಏಕಾಭಿಪ್ರಾಯವಿಲ್ಲ. ಅವರಲ್ಲಿ ಅದು ಕೀಳು ಹಾಸ್ಯವೆಂದು ಮೂಗು ಮುರಿಯುವವರುಂಟು. ನಮ್ಮಲ್ಲಿ ಶ್ಲೇಷೆಗೆ ಅಲಂಕಾರಗಳ ಸಾಲಿನಲ್ಲಿ ಪೀಠವನ್ನೇ ಕೊಟ್ಟಿದ್ದೇವೆ. ಕನ್ನಡಕ್ಕೂ ಇಂಗ್ಲಿಷಿಗೂ ಗಂಟುಹಾಕಿ ಎರಡು ಭಾಷೆಗಳ ನಡುವೆ ಶ್ಲೇಷೆ ಹುಟ್ಟಿಸಿದ ಕೈಲಾಸಂ, ಹನಿಗವನಗಳಲ್ಲಿ ಅದನ್ನು ಮನೆಮನೆಗೆ ಮುಟ್ಟಿಸಿದ ಡುಂಡಿರಾಜ್, ಇವರ ಸಾಲಿಗೆ ನಮ್ಮ ಕೂಟದ ಊಟದ ಪಂಕ್ತಿಯಲ್ಲಿಯೂ ಅಭ್ಯರ್ಥಿಗಳು ಕಡಿಮೆಯಿಲ್ಲ.

ಕಡೆಯದಾಗಿ ‘ಫ್ಯಾನಿಂಗ್’. ಊರಿನಲ್ಲಿ ಬೀಸುವ ಯಂತ್ರವನ್ನು ‘ಪ್ಯಾನು’ ಎನ್ನುವವರೇ ಹೆಚ್ಚು. ಹಾಸ್ಯ ಮಾಡುವ ಮೊದಲು ಆ ಪದದ ಚರಿತ್ರೆ ತಿಳಿಯಿರಿ. ಹಳೆಯ ಇಂಗ್ಲಿಷಿನಲ್ಲಿ ‘ಫ್ಯಾನ್’ ಎಂದರೆ ಗಾಳಿಗೆ ಕಾಳು ತೂರುವ ಬುಟ್ಟಿ, ಅಂದರೆ ನಮ್ಮ ಮೊರ. ಲ್ಯಾಟಿನ್ನಿನ ‘ವನ್ನುಸ್’ ಎಂಬ ಮೊರದಿಂದ ಬಂದದ್ದು. ಮೊರದಲ್ಲಿ ತೂರಿದಾಗ ಹೊಟ್ಟು ಗಾಳಿಯಲ್ಲಿ ಹಾರಿ ಕಾಳು ಉಳಿಯುತ್ತದೆ; ಪ್ಯಾನಿನಲ್ಲಿ ಜಾಲಿಸಿದಾಗ ಮರಳು ನೀರಿನಲ್ಲಿ ಹರಿದು ಚಿನ್ನ ಉಳಿಯುತ್ತದೆ. ಒಂದಕ್ಕೆ ಗಾಳಿ, ಇನ್ನೊಂದಕ್ಕೆ ನೀರು, ಕೆಲಸ ಒಂದೇ. ಚಿತ್ರನಟರ ‘ಫ್ಯಾನ್’ಗಳಾದರೋ ಬೇರೆ ಕುಲದವರು, ‘ಫೆನಾಟಿಕ್’ ಎಂಬುದರ ಬಾಲ ಕತ್ತರಿಸಿದಾಗ ಹುಟ್ಟಿದವರು.

ಉಪನ್ಯಾಸ ಮುಗಿದ ಮೇಲೆ ಸಭೆಯಲ್ಲಿದ್ದ ಬಾಲಕಿಯೊಬ್ಬಳು, ‘ಪೆನ್ ಗರಿಯಿಂದ ಬಂದಿದ್ದರೆ ಪೆನ್ಸಿಲ್ ಮರಿ ಗರಿಯೆ?’ ಎಂದು ಕೇಳಿದಳು. ಬಹಳ ಒಳ್ಳೆಯ ಪ್ರಶ್ನೆ. ಉತ್ತರ: ಅಲ್ಲ. ಪೆನ್ಸಿಲ್ ಬಂದದ್ದು ಚಿಕ್ಕ ಬಾಲ ಎಂಬರ್ಥದ ಲ್ಯಾಟಿನ್ ಪದದಿಂದ. ಮೊದಲು ಅದು ಚಿತ್ರಕಾರನ ಕೂದಲಿನ ಕುಂಚದ ಹೆಸರು. ಸೂಕ್ಷ್ಮದರ್ಶಕದಲ್ಲಿ ಅಂಥ ಕುಂಚದ ಆಕಾರ ತೋರುವ ಬೂಷ್ಟಿಗೂ ಅದೇ ಹೆಸರಿಟ್ಟರು. ಆ ಬೂಷ್ಟಿನಿಂದ ತೆಗೆದ ಔಷಧವೇ ಪೆನಿಸಿಲಿನ್.